ಲಿನಕ್ಸ್ ಮಿಂಟ್ ಹಾಕಿ ಎಂಟು ತಿಂಗ್ಳಾಯ್ತು: ಡಿಟಿಪಿ ಅಂಗಡಿಯಿಂದ ಒಂದು ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಾನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲ. ತಿಪಟೂರಲ್ಲಿ ಹತ್ತೊಂಬತ್ತು ವರ್ಷದಿಂದ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಅಫಿಡವಿಟ್ಟು, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಇಷ್ಟೇ ನನ್ನ ಪ್ರಪಂಚ. ಇಷ್ಟು ವರ್ಷ ವಿಂಡೋಸ್ ಬಿಟ್ಟು ಬೇರೆ ಏನನ್ನೂ ಮುಟ್ಟಿರ್ಲಿಲ್ಲ, ಮುಟ್ಬೇಕು ಅಂತ ಅನ್ಸಿರ್ಲೂ ಇಲ್ಲ. ಈಗ ಎಂಟು ತಿಂಗ್ಳಿಂದ ಅಂಗಡಿಯ ಮೂರು ಮೆಶೀನಲ್ಲಿ ಎರಡರಲ್ಲಿ ಬರೀ ಲಿನಕ್ಸ್ ಮಿಂಟ್ ಓಡ್ತಿದೆ, ಅದು ವಿಂಡೋಸ್ ಬದ್ಲು ಹಾಕ್ಕೋಬೋದಾದ ಬಿಟ್ಟಿ ಆಪರೇಟಿಂಗ್ ಸಿಸ್ಟಮ್, ಅಂದ್ರೆ ಕಂಪ್ಯೂಟರ್ ನಡ್ಸೋ ಮೂಲ ಸಾಫ್ಟ್‌ವೇರ್. ನಮ್ಮಂಥ ಸಣ್ಣ ಅಂಗಡಿಯವ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಶುರುವಾಗಿದ್ದು ಹಿಂಗೆ. ಹಳೇ ಮೆಶೀನ್ ಎರಡೂ ಕೈಕೊಟ್ವು, ಬೆಳಿಗ್ಗೆ ರೈಲಿಗೆ ಬೆಂಗ್ಳೂರಿಗೆ ಹೋಗಿ ಎಸ್‌ಪಿ ರೋಡಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ನೋಡ್ದೆ. ಯಾವ್ದೋ ಆಫೀಸಿಂದ ಬಂದಿರೋವು, ಐ5 ಆರನೇ ಜನರೇಶನ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ಅಂಗಡಿಯವ್ರು "ವಿಂಡೋಸ್, ಆಫೀಸು, ಫೋಟೋಶಾಪು, ಕೋರಲ್ಲು ಎಲ್ಲಾ ಹಾಕ್ಕೊಡ್ತೀನಿ ಸಾರ್, ಫ್ರೀ" ಅಂದ್ರು. ಫ್ರೀ ಅಂದ್ರೆ ಏನು ಅಂತ ನಿಮ್ಗೂ ಗೊತ್ತು ನಂಗೂ ಗೊತ್ತು, ಕ್ರ್ಯಾಕ್ ಕಾಪಿ. ಒಂದ್ಸಲ ಹಂಗೆ ಹಾಕಿಸ್ಕೊಂಡಿದ್ದ ಮೆಶೀನಲ್ಲಿ ವೈರಸ್ ಬಂದು ಸೀಸನ್ನಿನ ಮಧ್ಯ ಲಗ್ನಪತ್ರಿಕೆ ಫೈಲುಗಳೆಲ್ಲಾ ಹೋಗಿದ್ವು, ಗಿರಾಕಿಗಳ ಮುಂದೆ ತಲೆ ತಗ್ಗಿಸಿ ನಿಂತಿದ್ದೆ, ಅದಿನ್ನೂ ಮರ್ತಿಲ್ಲ. ಬೇಡ, ಖಾಲಿ ಕೊಡಿ ಅಂದೆ.

ಅದೇ ದಿನ ಇನ್ನೊಂದು ಅಂಗಡೀಲಿ ಮಗಳ ಕಾಲೇಜಿಗೆ ಅಂತ ಹೊಸ ಲ್ಯಾಪ್‌ಟಾಪ್ ವಿಚಾರಿಸ್ದೆ. ವಿಂಡೋಸ್ ಬೇಡ, ಅದ್ರ ದುಡ್ಡು ಕಳೆದು ಎಷ್ಟಾಗುತ್ತೆ ಅಂತ ಕೇಳ್ದೆ. ಆ ಹುಡುಗ ನನ್ನ ಮುಖ ನೋಡಿ, "ಹಂಗೆ ಬರಲ್ಲ ಅಂಕಲ್, ಒಳಗೇ ಇರುತ್ತೆ, ಬೇಕಾದ್ರೆ ನೀವು ತೆಗ್ಸಿ, ರೇಟ್ ಅದೇ" ಅಂದ. ಡಾಸ್ ಮೆಶೀನ್, ಅಂದ್ರೆ ವಿಂಡೋಸ್ ಹಾಕ್ದೇ ಮಾರೋದು, ಇದ್ಯಾ ಅಂದ್ರೆ ಆ ಮಾಡೆಲಲ್ಲಿ ಇಲ್ಲ. ಹೋಟ್ಲಲ್ಲಿ ಇಡ್ಲಿ ಜೊತೆ ವಡೆ ಬೇಡ ಅಂದ್ರೆ ವಡೆ ಬಿಟ್ಟು ಬಿಲ್ ಹಾಕ್ತಾರೆ. ಇಲ್ಲಿ ಮಾತ್ರ ಯಾಕೆ ಹಂಗಲ್ಲ ಅನ್ನೋ ಪ್ರಶ್ನೆ ವಾಪಸ್ ರೈಲಲ್ಲಿ ಕೂತಾಗ್ಲೂ ತಲೆ ಕೊರೀತಾನೇ ಇತ್ತು. ಮನೆಗ್ ಬಂದು ಓದೋಕೆ ಶುರು ಮಾಡ್ದೆ, ಎಷ್ಟೋ ರಾತ್ರಿ ಓದ್ದೆ. ಓದಿದ್ದನ್ನ ಮಧ್ಯ ಮಧ್ಯ ಹೇಳ್ತೀನಿ, ಯಾಕಂದ್ರೆ ಅದನ್ನ ಬಿಟ್ಟು ಈ ರಿವ್ಯೂ ಬರೆಯೋಕೆ ನಂಗೆ ಆಗಲ್ಲ.

ಹಾಕೋ ಕೆಲ್ಸ ಮೊದ್ಲು. ಮಿಂಟಿನ ವೆಬ್‌ಸೈಟಿಂದ ಐಎಸ್ಒ ಫೈಲ್, ಅಂದ್ರೆ ಇಡೀ ಸಿಸ್ಟಮ್ ತುಂಬಿರೋ ಒಂದೇ ಫೈಲ್, ಇಳಿಸ್ಕೋಬೇಕು, 3 ಜಿಬಿ ಹತ್ರ ಇರುತ್ತೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ರೂಪ ಇದೆ. ನಾನು ಸಿನಮನ್ ತಗೊಂಡೆ, ತುಂಬಾ ಹಳೇ ಮೆಶೀನಾದ್ರೆ ಎಕ್ಸ್‌ಎಫ್‌ಸಿಇ ತಗೊಳ್ಳಿ. ಅಕ್ಕನ ಮಗ ಪೆನ್‌ಡ್ರೈವಿಗೆ ಹಾಕ್ಕೊಟ್ಟ. ನಂಗೆ ಬಹಳ ಇಷ್ಟ ಆಗಿದ್ದು ಏನಂದ್ರೆ ಹಾರ್ಡ್ ಡಿಸ್ಕ್ ಮುಟ್ದೇನೇ ಪೆನ್‌ಡ್ರೈವಿಂದಲೇ ಓಡ್ಸಿ ನೋಡ್ಬೋದು, ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್ ಕಾಣುತ್ತಾ ಎಲ್ಲಾ ನೋಡ್ಕೊಂಡು ಆಮೇಲೆ ಹಾಕ್ಕೋಬೋದು, ಬೇಡ ಅನ್ಸಿದ್ರೆ ಪೆನ್‌ಡ್ರೈವ್ ಕಿತ್ತು ಎದ್ದು ಹೋಗ್ಬೋದು. ಇನ್‌ಸ್ಟಾಲ್ ಆಗೋಕೆ ಒಂದು ಕಾಫಿ ಕುಡ್ಯೋ ಹೊತ್ತು. ಕೀ ಕೇಳಲ್ಲ, ಅಕೌಂಟ್ ಮಾಡಿ ಅನ್ನಲ್ಲ, ದುಡ್ಡಂತೂ ಇಲ್ವೇ ಇಲ್ಲ. 2 ಜಿಬಿ ರ್‍ಯಾಮಿದ್ರೂ ಓಡುತ್ತೆ, 4 ಇದ್ರೆ ಒಳ್ಳೇದು ಅಂತ ಅವ್ರೇ ಹೇಳ್ತಾರೆ. ನಮ್ಮ 8 ಜಿಬಿಗೆ ಹಾಯಾಗಿದೆ. 22ನೇ ವರ್ಶನ್ನಿಗೆ 2029ರವರೆಗೆ ಅಪ್‌ಡೇಟ್ ಇದೆ.

ಇದನ್ನ ವಿಂಡೋಸ್ 11ರ ಪಕ್ಕದಲ್ಲಿಟ್ಟು ನೋಡಿ. ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಎಂಟನೇ ಜನರೇಶನ್ನಿಂದ ಮೇಲೆ ಇರ್ಬೇಕು ಅಂತ ಮೈಕ್ರೋಸಾಫ್ಟ್ ನಿಯಮ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಅಂದ್ರೆ ಜಗತ್ತಿನಾದ್ಯಂತ ಎಂಥಾ ಗಟ್ಟಿಮುಟ್ಟಾದ ಆರನೇ, ಏಳನೇ ಜನರೇಶನ್ ಮೆಶೀನುಗಳು ಲೆಕ್ಕದಲ್ಲಿ ಮುದಿಯಾಗಿಬಿಟ್ವು. ಎಸ್‌ಪಿ ರೋಡಲ್ಲಿ ಅಂಥವು ಅಟ್ಟಿ ಅಟ್ಟಿ ಬಿದ್ದಿವೆ. ಒಂದ್ ಕಂಪನಿಯ ಒಂದ್ ನಿರ್ಧಾರದಿಂದ ಅಷ್ಟು ಕಬ್ಬಿಣ, ಅಷ್ಟು ತಾಮ್ರ ಗುಜರಿ ದಾರಿ ಹಿಡಿಯುತ್ತೆ ಅಂದ್ರೆ ಆ ಕಂಪನಿಯ ಹಿಡಿತ ಎಷ್ಟಿದೆ ನೋಡಿ.

ಮೊದ್ಲನೇ ದಿನ ನಮ್ಮಂಗಡೀಲಿ ಟೈಪ್ ಮಾಡೋ ಹುಡುಗಿ ಕೂತ ತಕ್ಷಣ ಕೇಳಿದ್ದು "ಅಣ್ಣ, ನುಡಿ ಎಲ್ಲಿ?" ಅಂತ. ಭಯ ಇದ್ದಿದ್ದೂ ಅದೇ. ಇದ್ರ ಬಗ್ಗೆ ಸರಿಯಾಗಿ ಹೇಳ್ತೀನಿ, ಬೇರೆ ರಿವ್ಯೂಗಳಲ್ಲಿ ಇದು ಸಿಗಲ್ಲ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ವಿಂಡೋಸಿಗೆ ಮಾಡಿರೋದು. ಆದ್ರೆ ಬೆರಳಿಗೆ ಕೂತಿರೋದು ಸಾಫ್ಟ್‌ವೇರ್ ಅಲ್ಲ, ಲೇಔಟು, ಅಂದ್ರೆ ಯಾವ ಕೀಲಿ ಒತ್ತಿದ್ರೆ ಯಾವ ಅಕ್ಷರ ಅನ್ನೋದು. ಕೆ.ಪಿ. ರಾವ್ ಅವ್ರ ವಿನ್ಯಾಸದ ಮೇಲೆ ಸರ್ಕಾರ ಒಪ್ಪಿರೋ ಆ ಲೇಔಟು ಲಿನಕ್ಸಲ್ಲೂ ಇದೆ. ಐಬಸ್ ಅನ್ನೋ ಟೈಪಿಂಗ್ ಟೂಲ್ ಜೊತೆ ಎಂ17ಎನ್ ಅನ್ನೋ ಪ್ಯಾಕೇಜ್ ಹಾಕ್ಕೊಂಡು, ಕನ್ನಡದಲ್ಲಿ ಕೆಜಿಪಿ ಅನ್ನೋದನ್ನ ಆರಿಸ್ಕೊಂಡ್ರೆ ಆಯ್ತು. ಇನ್‌ಸ್ಕ್ರಿಪ್ಟ್ ಬೇಕಂದ್ರೆ ಅದೂ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡ್ಯೋರಿಗೆ ಐಟ್ರಾನ್ಸ್ ಇದೆ. ಆ ಹುಡುಗಿ ಅರ್ಧ ಗಂಟೇಲಿ ಮಾಮೂಲಿ ಸ್ಪೀಡಿಗೆ ಬಂದ್ಳು. ಒತ್ತಕ್ಷರ, ಅರ್ಕಾವೊತ್ತು ಎಲ್ಲಾ ಸರಿಯಾಗಿ ಕೂರುತ್ತೆ. ಗುಬ್ಬಿ, ನವಿಲು ಅಂತ ಎರಡು ಮುದ್ದಾದ ಕನ್ನಡ ಫಾಂಟ್ ಬಿಟ್ಟಿ ಸಿಗುತ್ತೆ, ಲೋಹಿತ್ ಇದೆ, ನೋಟೋ ಇದೆ. ಗುಬ್ಬಿ ಫಾಂಟಲ್ಲಿ ಒಂದು ನಾಮಕರಣದ ಕಾರ್ಡ್ ಮಾಡ್ದೆ, ಗಿರಾಕಿ ಇದ್ಯಾವ್ ಅಕ್ಷರ ಇಷ್ಟು ಚೆನ್ನಾಗಿದೆ ಅಂತ ಕೇಳಿದ್ರು.

ತೊಂದ್ರೆ ಇರೋದು ಹಳೇ ಫೈಲುಗಳದ್ದು. ಹತ್ತೊಂಬತ್ತು ವರ್ಷದ ಲಗ್ನಪತ್ರಿಕೆಗಳು ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಲ್ಲಿವೆ. ಫಾಂಟ್ ಫೈಲ್ ತಂದು ಮಿಂಟಲ್ಲಿ ಹಾಕಿದ್ರೆ ಕಾಣೋದೇನೋ ಕಾಣುತ್ತೆ, ಆದ್ರೆ ಒಳಗಿರೋದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ವರ್ಟರಲ್ಲಿ ಹಾಕಿ ಯುನಿಕೋಡ್ ಮಾಡ್ಕೋಬೇಕು, ಆಮೇಲೂ ಒಂದ್ಸಲ ಪ್ರೂಫ್ ನೋಡ್ಬೇಕು. ಇದಕ್ಕೆ ಮೈಕ್ರೋಸಾಫ್ಟನ್ನ ಬೈಯೋಕಾಗಲ್ಲ, ಇದು ನಾವು ಕನ್ನಡದವ್ರೇ ಆವಾಗ ಬೇರೆ ದಾರಿ ಇಲ್ದೆ ಮಾಡ್ಕೊಂಡಿದ್ದು. ಆದ್ರೆ ಒಂದು ವಿಷ್ಯ ಆವಾಗ ನಂಗೆ ಹೊಳೀತು. ಮನುಷ್ಯನ್ನ ಒಂದ್ ಕಡೆ ಕಟ್ಟಿಹಾಕೋದು ಆಪರೇಟಿಂಗ್ ಸಿಸ್ಟಮ್ ಅಲ್ಲ, ಅವ್ನ ಹಳೇ ಫೈಲುಗಳು.

ಈಗ ನಾನು ರಾತ್ರಿ ಕೂತು ಓದಿದ, ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಮೇಲೆ ನಡೆದ ಕೇಸ್ ವಿಷ್ಯಕ್ಕೆ ಬರ್ತೀನಿ. 1998ರ ಮೇ 18ಕ್ಕೆ ಅಮೆರಿಕದ ನ್ಯಾಯ ಇಲಾಖೆ ಮತ್ತು ಇಪ್ಪತ್ತರ ಹತ್ರ ರಾಜ್ಯಗಳು ಸೇರಿ, ಏಕಸ್ವಾಮ್ಯ ಉಳಿಸ್ಕೊಳ್ಳೋಕೆ ಕಾನೂನು ಮುರಿದಿದೆ ಅಂತ ಮೈಕ್ರೋಸಾಫ್ಟ್ ಮೇಲೆ ಕೇಸ್ ಹಾಕಿದ್ವು. ಜಡ್ಜ್ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್, 1999ರ ನವೆಂಬರಲ್ಲಿ, ಏನೇನು ನಡೀತು ಅಂತ ಪ್ಯಾರಾ ಪ್ಯಾರಾ ನಂಬರ್ ಹಾಕಿ ಬರೆದು ಕೊಟ್ರು. ಅದನ್ನ ನಾನು ಡಿಕ್ಷನರಿ ಪಕ್ಕ ಇಟ್ಕೊಂಡು ಓದ್ದೆ. ಅದ್ರಲ್ಲಿ ಒಂದ್ ಮಾತು ಬರುತ್ತೆ, ಅಪ್ಲಿಕೇಶನ್ನುಗಳ ಅಡ್ಡಗೋಡೆ ಅಂತ ಕನ್ನಡದಲ್ಲಿ ಹೇಳ್ಬೋದು. ಜನ ಆಪರೇಟಿಂಗ್ ಸಿಸ್ಟಮ್ ತಗೊಳ್ಳೋದು ಅದ್ರ ಮೇಲೆ ಓಡೋ ಸಾಫ್ಟ್‌ವೇರಿಗೋಸ್ಕರ, ಸಾಫ್ಟ್‌ವೇರ್ ಮಾಡೋರು ಜನ ಎಲ್ಲಿದಾರೋ ಅಲ್ಲಿಗೇ ಮಾಡ್ತಾರೆ, ಹಂಗಾಗಿ ಒಂದ್ಸಲ ಮುಂದೆ ಹೋದವ್ನು ಮುಂದೇನೇ ಇರ್ತಾನೆ. ವಿಂಡೋಸಿಗೆ ಆಗ 70,000ಕ್ಕಿಂತ ಜಾಸ್ತಿ ಅಪ್ಲಿಕೇಶನ್ ಇದ್ವಂತೆ, ಐಬಿಎಂ ಮಾಡಿದ್ದ ಓಎಸ್/2 ಅನ್ನೋ ಆಪರೇಟಿಂಗ್ ಸಿಸ್ಟಮಿಗೆ ಅದು ಜೋರಾಗಿದ್ದ ಕಾಲದಲ್ಲೂ ಸುಮಾರು 2,500. ಅದೆಷ್ಟೇ ಒಳ್ಳೇ ಸಿಸ್ಟಮ್ ಆದ್ರೂ ಯಾರ್ ತಗೋತಾರೆ?

ನಮ್ಮ ಪಕ್ಕದ್ ಅಂಗಡಿ ಅಕೌಂಟೆಂಟ್ ನನ್ನ ಮಿಂಟ್ ನೋಡಿ ನಂಗೂ ಹಾಕ್ಕೊಡಿ ಅಂದ್ರು. ಲೆಕ್ಕ ಬರೆಯೋಕೆ ನಿಮ್ಗೆ ಟ್ಯಾಲಿ ಬೇಕಲ್ಲ ಸಾರ್ ಅಂದೆ. ಟ್ಯಾಲಿ ಬೆಂಗ್ಳೂರಿನ ಕಂಪನಿಯದ್ದೇ, ನಮ್ಮದೇ, ಆದ್ರೆ ಅದು ವಿಂಡೋಸಿಗೆ ಮಾಡಿರೋ ಸಾಫ್ಟ್‌ವೇರ್. ಅವ್ರು ಸುಮ್ನೆ ತಲೆ ಆಡ್ಸಿ ಹೋದ್ರು. ಆ ಜಡ್ಜು ಬರೆದ ಅಡ್ಡಗೋಡೆ ನಮ್ಮೂರ ಬಸ್‌ಸ್ಟ್ಯಾಂಡ್ ರೋಡಲ್ಲೂ ನಿಂತಿದೆ.

ಅಂಗಡೀಲಿ ಜನ ನನ್ನ ಕೇಳೋದು ಒಂದೇ ಪ್ರಶ್ನೆ, ಇದು ಇಷ್ಟು ಚೆನ್ನಾಗಿದ್ರೆ ಎಲ್ರೂ ಯಾಕೆ ಹಾಕ್ಕೊಳಲ್ಲ ಅಂತ. ನಾನೂ ಮೊದ್ಲು ಹಂಗೇ ಅನ್ಕೊಂಡಿದ್ದೆ, ಚೆನ್ನಾಗಿರೋದು ಗೆಲ್ಲುತ್ತೆ, ವಿಂಡೋಸ್ ಗೆದ್ದಿದೆ ಅಂದ್ರೆ ಅದೇ ಚೆನ್ನಾಗಿರ್ಬೇಕು ಅಂತ. ಆ ಕೋರ್ಟಿನ ಕಾಗದ ಓದಿದ್ಮೇಲೆ ಆ ನಂಬಿಕೆ ಹೋಯ್ತು. ಗೆದ್ದಿದ್ದಕ್ಕೆ ಅರ್ಧ ಕಾರಣ ಅಂಗಡಿಗೆ ಬರೋ ಮೊದ್ಲೇ, ಕಾರ್ಖಾನೆಯಲ್ಲೇ, ಕರಾರು ಪತ್ರದಲ್ಲೇ ಇತ್ತು.

ಮೊದ್ಲು ಡಾಸ್ ಕಾಲದ್ದು, ಅದು ವಿಂಡೋಸಿಗಿಂತ ಹಳೇ ಆಪರೇಟಿಂಗ್ ಸಿಸ್ಟಮ್. ಮೈಕ್ರೋಸಾಫ್ಟ್ ಕಂಪ್ಯೂಟರ್ ತಯಾರಿಸೋ ಕಂಪನಿಗಳ ಜೊತೆ ಪ್ರೊಸೆಸರ್ ಲೆಕ್ಕದಲ್ಲಿ ಲೈಸೆನ್ಸ್ ಮಾಡ್ಕೋತಿತ್ತು. ಅಂದ್ರೆ ನೀನು ಎಷ್ಟು ಮೆಶೀನ್ ಹೊರಗೆ ಕಳಿಸ್ತೀಯೋ ಅಷ್ಟಕ್ಕೂ ನಂಗೆ ದುಡ್ಡು, ಅದ್ರೊಳಗೆ ನನ್ನ ಡಾಸ್ ಹಾಕಿದ್ರೂ ಸರಿ ಬಿಟ್ರೂ ಸರಿ. ಆಗ ಡಿಆರ್ ಡಾಸ್ ಅಂತ ಇನ್ನೊಂದಿತ್ತು, ಗ್ಯಾರಿ ಕಿಲ್ಡಾಲ್ ಅವ್ರ ಡಿಜಿಟಲ್ ರಿಸರ್ಚ್ ಕಂಪನಿದು. ಅದನ್ನ ಹಾಕಿ ಮಾರೋ ಕಂಪನಿ ಎರಡೆರಡು ಸಲ ದುಡ್ಡು ಕೊಡ್ಬೇಕು, ಯಾರ್ ಹಾಕ್ತಾರೆ ಹೇಳಿ. ಸಾಲ್ದು ಅಂತ ವಿಂಡೋಸ್ 3.1ರ ಬೀಟಾ, ಅಂದ್ರೆ ಬಿಡುಗಡೆಗೆ ಮುಂಚಿನ ಪರೀಕ್ಷೆ ಕಾಪೀಲಿ ಒಂದು ಗುಟ್ಟಿನ ಕೋಡ್ ಇಟ್ಟಿದ್ರು, ಡಿಆರ್ ಡಾಸ್ ಮೇಲೆ ಓಡ್ಸಿದ್ರೆ ಸುಮ್ಸುಮ್ನೆ ಎರರ್ ತೋರಿಸ್ತಿತ್ತು. ನಿಜವಾಗಿ ಏನೂ ತೊಂದ್ರೆ ಇರ್ಲಿಲ್ಲ, ನೋಡಿದವ್ರಿಗೆ ಭಯ ಬರ್ಲಿ ಅಂತ. ಪ್ರೊಸೆಸರ್ ಲೆಕ್ಕದ ಲೈಸೆನ್ಸನ್ನ ಅಮೆರಿಕ ಸರ್ಕಾರ 1994ರ ಒಪ್ಪಂದದಲ್ಲಿ ನಿಲ್ಲಿಸ್ತು, ಅಷ್ಟೊತ್ತಿಗೆ ಡಿಆರ್ ಡಾಸ್ ಕಥೆ ಮುಗಿದಿತ್ತು. ಎಸ್‌ಪಿ ರೋಡಿನ ಹುಡುಗ ಹೇಳಿದ "ಒಳಗೇ ಇರುತ್ತೆ, ರೇಟ್ ಅದೇ" ಅನ್ನೋ ಮಾತು ನೆನಪಾಯ್ತು. ಈಗಿನ ಕರಾರಿಗೂ ಆಗಿಂದಕ್ಕೂ ಸಂಬಂಧ ಇಲ್ದಿರ್ಬೋದು, ಆದ್ರೆ ಗಿರಾಕಿಗೆ ಬೇಡ ಅನ್ನೋ ಹಕ್ಕೇ ಇಲ್ದಿರೋ ವ್ಯಾಪಾರ ಎಲ್ಲಿಂದ ಬಂತು ಅಂತ ನಂಗೆ ಗೊತ್ತಾಯ್ತು.

ಐಬಿಎಂಗೆ ಆಗಿದ್ದು ಓದಿ ನಂಗೆ ನಿಜವಾಗ್ಲೂ ಬೇಜಾರಾಯ್ತು. ಐಬಿಎಂ ಅಂದ್ರೆ ಪಿಸಿ ಹುಟ್ಟಿಸಿದ ಕಂಪನಿ. ಅದು ತನ್ನದೇ ಓಎಸ್/2 ಮಾರೋದು ಬಿಡ್ಲಿಲ್ಲ, ಸ್ಮಾರ್ಟ್‌ಸೂಟ್ ಅನ್ನೋ ತನ್ನ ಆಫೀಸ್ ಸಾಫ್ಟ್‌ವೇರ್ ಹಾಕೋದೂ ಬಿಡ್ಲಿಲ್ಲ ಅಂತ ವಿಂಡೋಸ್ 95ರ ಲೈಸೆನ್ಸ್ ಎಳೆದಾಡಿದ್ರು. ಕೊನೆಗೆ ಸಹಿ ಆಗಿದ್ದು 1995ರ ಆಗಸ್ಟ್ 24ಕ್ಕೆ, ವಿಂಡೋಸ್ 95 ಬಿಡುಗಡೆ ಸಮಾರಂಭ ಶುರುವಾಗೋಕೆ 15 ನಿಮಿಷ ಮುಂಚೆ. ಬೇರೆ ಕಂಪನಿಗಳೆಲ್ಲಾ ಮೆಶೀನ್ ರೆಡಿ ಮಾಡ್ಕೊಂಡು ಕೂತಿದ್ರು, ಐಬಿಎಂಗೆ ಆ ವರ್ಷ ಶಾಲೆ ಶುರುವಾಗೋ ಹೊತ್ತಿನ ವ್ಯಾಪಾರ ಕೈತಪ್ತು. ಸೀಸನ್ ತಪ್ಪೋದು ಅಂದ್ರೆ ಏನು ಅಂತ ನಮ್ಮಂಥ ಅಂಗಡಿಯವ್ರಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ವೈಶಾಖದಲ್ಲಿ ನನ್ನ ಪ್ರಿಂಟರ್ ಬಾಗ್ಲು ಹಾಕ್ಸಿದ್ರೆ ಇಡೀ ವರ್ಷ ಹೋದಂಗೆ.

ಕಾಂಪ್ಯಾಕ್ ಅನ್ನೋ ಕಂಪ್ಯೂಟರ್ ಕಂಪನಿ 1996ರಲ್ಲಿ ಡೆಸ್ಕ್‌ಟಾಪಿಂದ ಮೈಕ್ರೋಸಾಫ್ಟಿನ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಐಕಾನ್ ತೆಗೆದು ಅದ್ರ ಎದುರಾಳಿ ಬ್ರೌಸರ್ ನೆಟ್‌ಸ್ಕೇಪ್ ಇಟ್ಟಾಗ ನಿಮ್ಮ ವಿಂಡೋಸ್ ಲೈಸೆನ್ಸೇ ಕಿತ್ಕೋತೀವಿ ಅಂತ ಪತ್ರ ಹೋಯ್ತು, ಕಾಂಪ್ಯಾಕ್ ಐಕಾನ್ ವಾಪಸ್ ಇಡ್ತು. ಅಷ್ಟು ದೊಡ್ಡ ಕಂಪನೀನೇ ಒಂದ್ ಸಣ್ಣ ಚಿತ್ರಕ್ಕೆ ಮಣಿದ್ರೆ ಇನ್ನು ಬೇರೆಯವ್ರ ಪಾಡೇನು. ನೆಟ್‌ಸ್ಕೇಪಿಗೆ ಉಸಿರಾಡೋ ಗಾಳೀನೇ ನಿಲ್ಲಿಸ್ತೀವಿ ಅಂತ ಮೈಕ್ರೋಸಾಫ್ಟಿನ ಹಿರಿಯ ಅಧಿಕಾರಿಯೊಬ್ರು ಹೇಳಿದ್ರು ಅಂತ ಇಂಟೆಲ್‌ನ ಸ್ಟೀವನ್ ಮೆಕ್‌ಗೀಡಿ ಕೋರ್ಟಲ್ಲಿ ಸಾಕ್ಷಿ ಹೇಳಿದಾರೆ. ಬಿಇ ಅಂತ ಇನ್ನೊಂದು ಸಣ್ಣ ಕಂಪನಿ, ಬಿಓಎಸ್ ಅನ್ನೋ ಸಿಸ್ಟಮ್ ಮಾಡಿತ್ತು. ಹಿಟಾಚಿ ಜಪಾನಲ್ಲಿ ಅದನ್ನ ವಿಂಡೋಸ್ ಜೊತೆ ಹಾಕಿ ಮೆಶೀನ್ ಮಾರ್ತು, ಆದ್ರೆ ಮೆಶೀನ್ ಆನ್ ಮಾಡ್ದಾಗ ಯಾವ್ದು ಬೇಕು ಅಂತ ಕೇಳೋ ಮೆನೂನೇ ಇರ್ಲಿಲ್ಲ. ತಗೊಂಡವ್ರಿಗೆ ಒಳಗೆ ಇನ್ನೊಂದು ಸಿಸ್ಟಮ್ ಇದೆ ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ಮೈಕ್ರೋಸಾಫ್ಟಿನ ಲೈಸೆನ್ಸ್ ಕರಾರೇ ಇದಕ್ಕೆ ಕಾರಣ ಅಂತ ಬಿಇ ಕೇಸ್ ಹಾಕ್ತು, 2003ರಲ್ಲಿ 2.325 ಕೋಟಿ ಡಾಲರಿಗೆ ರಾಜಿ ಆಯ್ತು, ತಪ್ಪು ಅಂತ ಮೈಕ್ರೋಸಾಫ್ಟ್ ಒಪ್ಕೊಳ್ಲಿಲ್ಲ. ಅಷ್ಟೊತ್ತಿಗೆ ಬಿಇ ಬಾಗ್ಲು ಹಾಕಿತ್ತು.

ವಿಂಡೋಸ್ ಪಕ್ಕದಲ್ಲೇ ಮಿಂಟ್ ಹಾಕಿದ್ರೆ ಮೆಶೀನ್ ಆನ್ ಮಾಡ್ದಾಗ ಒಂದು ಮೆನು ಬರುತ್ತೆ, ಎರಡರ ಹೆಸ್ರನ್ನೂ ತೋರ್ಸಿ ಯಾವ್ದು ಬೇಕು ಅಂತ ಕೇಳುತ್ತೆ. ಮೂರನೇ ಮೆಶೀನಲ್ಲಿ ಎರಡೂ ಇಟ್ಕೊಂಡಿದೀನಿ. ಆ ಕಪ್ಪು ಮೆನು ನೋಡ್ದಾಗೆಲ್ಲಾ ನಂಗೆ ಹಿಟಾಚಿ ವಿಷ್ಯ ನೆನಪಾಗುತ್ತೆ.

ಈಗ ದಿನದ ಕೆಲ್ಸಕ್ಕೆ ಬರ್ತೀನಿ. ಫೈರ್‌ಫಾಕ್ಸ್ ಜೊತೇಲೇ ಬರುತ್ತೆ, ನೆಟ್‌ಸ್ಕೇಪಿನವ್ರೇ 1998ರಲ್ಲಿ ತಮ್ಮ ಕೋಡ್ ಬಿಟ್ಟುಕೊಟ್ಟಿದ್ರಿಂದ ಶುರುವಾದ ಮೊಜಿಲ್ಲಾದಲ್ಲಿ ಹುಟ್ಟಿದ್ದು. ಪಹಣಿ, ಆನ್‌ಲೈನ್ ಅರ್ಜಿ, ಪರೀಕ್ಷೆ ಫೀಸು, ರೈಲ್ ಟಿಕೆಟ್, ಈ ವೆಬ್‌ಸೈಟ್ ಕೆಲ್ಸಗಳಲ್ಲಿ ವ್ಯತ್ಯಾಸಾನೇ ಗೊತ್ತಾಗಲ್ಲ. ಪ್ರಿಂಟರ್ ನಂದು ನೆಟ್‌ವರ್ಕ್ ಲೇಸರ್, ಹಾಕಿದ್ ತಕ್ಷಣ ತಾನೇ ಸಿಕ್ತು, ಸಿಡಿ ಹುಡುಕೋ ಕೆಲ್ಸ ಇಲ್ಲ. ಇನ್ನೊಂದು ಹಳೇ ಮಲ್ಟಿಫಂಕ್ಷನ್ ಮೆಶೀನಲ್ಲಿ ಪ್ರಿಂಟ್ ಬಂತು, ಸ್ಕ್ಯಾನ್ ಬರ್ಲಿಲ್ಲ, ಅದ್ರ ಕಂಪನಿ ಲಿನಕ್ಸಿಗೆ ಡ್ರೈವರ್, ಅಂದ್ರೆ ಆ ಮೆಶೀನ್ ನಡ್ಸೋ ಸಾಫ್ಟ್‌ವೇರ್, ಕೊಟ್ಟಿಲ್ಲ. ಬೆರಳಚ್ಚು ಒತ್ತಿಸ್ಕೊಳ್ಳೋ ಡಿವೈಸೂ ಅಷ್ಟೇ, ಅದಕ್ಕೆ ಮೂರನೇ ಮೆಶೀನಲ್ಲಿ ವಿಂಡೋಸ್ ಬೇಕೇ ಬೇಕು. ಡಿಜಿಟಲ್ ಸಿಗ್ನೇಚರ್ ಟೋಕನ್ ಓಡಿಸೋಕೆ ಎರಡು ದಿನ ಒದ್ದಾಡಿ ಕೈಬಿಟ್ಟೆ.

ಕಾರ್ಡ್ ಡಿಸೈನ್ ಬಗ್ಗೆ ಎಲ್ಲಾ ಡಿಟಿಪಿಯವ್ರೂ ಕೇಳ್ತಾರೆ. ಪೇಜ್‌ಮೇಕರ್ 7, ಕೋರಲ್‌ಡ್ರಾ, ಫೋಟೋಶಾಪ್ ಯಾವ್ದೂ ಲಿನಕ್ಸಿಗೆ ಇಲ್ಲ. ಬದ್ಲಿಗೆ ಸ್ಕ್ರೈಬಸ್, ಇಂಕ್‌ಸ್ಕೇಪ್, ಗಿಂಪ್ ಇದೆ. ಇಂಕ್‌ಸ್ಕೇಪ್ ನಂಗೆ ತುಂಬಾ ಹಿಡಿಸ್ತು, ಕನ್ನಡ ಯುನಿಕೋಡ್ ಚೊಕ್ಕವಾಗಿ ಬರುತ್ತೆ, ಗಣಪತಿ ಕ್ಲಿಪ್ ಆರ್ಟ್ ಇಟ್ಟು ಸುತ್ತ ಬಾರ್ಡರ್ ಹಾಕಿ ಪಿಡಿಎಫ್ ಮಾಡಿದ್ರೆ ಪ್ರೆಸ್ಸಿನವ್ರು ತಕರಾರಿಲ್ದೆ ತಗೋತಾರೆ. ಸ್ಕ್ರೈಬಸ್‌ನ ಹಳೇ ವರ್ಶನ್ನಿಗೆ ಕನ್ನಡ ಬರ್ತಿರ್ಲಿಲ್ಲ, ಹೊಸದಕ್ಕೆ ಬರುತ್ತೆ, 1.6 ಹಾಕ್ಕೊಳ್ಳಿ. ಆದ್ರೆ ಪೇಜ್‌ಮೇಕರಲ್ಲಿ ಕಣ್ಮುಚ್ಚಿ ಮಾಡ್ತಿದ್ದ ಕೆಲ್ಸಕ್ಕೆ ಇಲ್ಲಿ ಹುಡುಕಾಡ್ಬೇಕು, ಕೈ ಕೂರೋಕೆ ನಂಗೆ ಮೂರು ತಿಂಗ್ಳು ಬೇಕಾಯ್ತು. ಸೀಸನ್ನಲ್ಲಿ ಬದ್ಲಾಯಿಸ್ಬೇಡಿ, ಆಷಾಢದಲ್ಲಿ ಬದ್ಲಾಯಿಸಿ.

ಮೈಕ್ರೋಸಾಫ್ಟ್ ಆಫೀಸ್ ಬದ್ಲಿಗೆ ಲಿಬ್ರೆಆಫೀಸ್ ಜೊತೇಲೇ ಬರುತ್ತೆ, ಪ್ರಾಜೆಕ್ಟ್ ರಿಪೋರ್ಟ್‌ಗೆಲ್ಲಾ ಧಾರಾಳ ಸಾಕು. ಕಿರಿಕಿರಿ ಬರೋದು ಹುಡುಗ್ರು ವಾಟ್ಸ್ಯಾಪಲ್ಲಿ ವರ್ಡ್ ಫೈಲ್ ಕಳಿಸ್ದಾಗ. ತೆಗೆದ್ರೆ ತೆಗೆಯುತ್ತೆ, ಆದ್ರೆ ಫಾಂಟ್ ಬದ್ಲಾಗಿ ಟೇಬಲ್ ಒಂದ್ ಸಾಲು ಕೆಳಗೆ ಜಾರುತ್ತೆ, ಇಪ್ಪತ್ತೈದು ಪುಟ ಇಪ್ಪತ್ತಾರು ಆಗುತ್ತೆ. ಎಷ್ಟೋ ಕಾಲೇಜುಗಳು ವರ್ಡಲ್ಲೇ ಕೊಡಿ ಅಂತ ಹಠ ಮಾಡ್ತವೆ. ಇದ್ರ ಹಿಂದೇನೂ ಒಂದ್ ಕಥೆ ಇದೆ, ಅದ್ರಲ್ಲಿ ನಮ್ಮ ದೇಶ ಬೆನ್ನೆಲುಬು ತೋರಿಸಿದ ಕಥೆ. ಓಡಿಎಫ್ ಅಂತ ಯಾರ್ ಬೇಕಾದ್ರೂ ಬಳಸ್ಬೋದಾದ ಫೈಲ್ ಫಾರ್ಮ್ಯಾಟು 2006ರಲ್ಲೇ ಅಂತಾರಾಷ್ಟ್ರೀಯ (ಐಎಸ್ಒ) ಸ್ಟ್ಯಾಂಡರ್ಡ್ ಆಗಿತ್ತು. ಮೈಕ್ರೋಸಾಫ್ಟ್ ಅದನ್ನ ಒಪ್ಪೋ ಬದ್ಲು ತನ್ನದೇ ಇನ್ನೊಂದನ್ನ ಸ್ಟ್ಯಾಂಡರ್ಡ್ ಮಾಡ್ಸೋಕೆ ಹೊರಡ್ತು, ಆರು ಸಾವಿರ ಪುಟದ ಸ್ಪೆಸಿಫಿಕೇಶನ್. ಭಾರತದ ಸ್ಟ್ಯಾಂಡರ್ಡ್ಸ್ ಬ್ಯೂರೋ 2007ರಲ್ಲಿ ಬೇಡ ಅಂತ ವೋಟ್ ಹಾಕ್ತು, 2008ರಲ್ಲಿ ಮತ್ತೆ ಕೇಳ್ದಾಗ್ಲೂ ಬೇಡ ಅಂತು. ಬೇರೆ ದೇಶಗಳ ವೋಟಲ್ಲಿ ಅದು ಪಾಸಾಯ್ತು. 2010ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಓಪನ್ ಸ್ಟ್ಯಾಂಡರ್ಡ್ ಬಳಸ್ಬೇಕು ಅಂತ ನೀತೀನೂ ತಂತು. ಕಾಗದದ ಮೇಲೆ ಇಷ್ಟೆಲ್ಲಾ ಇದೆ, ಆದ್ರೂ ನಮ್ಮೂರ ಹುಡುಗಿ ಮೂವತ್ತು ಪುಟದ ರಿಪೋರ್ಟಿಗೆ ವರ್ಡ್ ಫೈಲೇ ಕೊಡ್ಬೇಕು. ಕೇರಳ ನೋಡಿ, ಅಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬಲ್ಲಿ 2000ದ ದಶಕದಿಂದ್ಲೂ ಲಿನಕ್ಸಲ್ಲೇ ಪಾಠ, ಆ ಮಕ್ಕಳಿಗೆ ನಾನು ಮೂರು ತಿಂಗ್ಳು ಪಟ್ಟ ಕಷ್ಟ ಇಲ್ವೇ ಇಲ್ಲ. ನಮ್ ಸರ್ಕಾರಿ ಶಾಲೆಗಳಲ್ಲೂ ಮಾಡ್ಬೋದಿತ್ತು, ಮಾಡ್ಬೇಕು.

ಶಿಕ್ಷೆ ಆಯ್ತಾ ಅಂತ ಕೇಳ್ತೀರ. ಜಡ್ಜ್ ಜಾಕ್ಸನ್ 2000ದ ಜೂನಲ್ಲಿ ಮೈಕ್ರೋಸಾಫ್ಟನ್ನ ಎರಡು ಕಂಪನಿ ಮಾಡಿ ಅಂತ ಆರ್ಡರ್ ಕೊಟ್ರು. ಒಂದ್ ವರ್ಷಕ್ಕೆ ಮೇಲಿನ ಕೋರ್ಟು ಅದನ್ನ ರದ್ದು ಮಾಡ್ತು, ಜಡ್ಜು ಪತ್ರಿಕೆಯವ್ರ ಜೊತೆ ಕೇಸಿನ ಬಗ್ಗೆ ಮಾತಾಡಿದ್ದು ತಪ್ಪು ಅಂತ ಅವ್ರನ್ನ ಕೇಸಿಂದ ತೆಗೀತು. ಆದ್ರೆ ಏಕಸ್ವಾಮ್ಯ ಉಳಿಸ್ಕೊಳ್ಳೋಕೆ ಕಾನೂನು ಮುರಿದಿದ್ದು ನಿಜ ಅನ್ನೋದನ್ನ ಆ ಕೋರ್ಟೂ ಎತ್ತಿಹಿಡೀತು. ಜನ ಇದೊಂದು ಮಾತು ಮರೆತುಬಿಡ್ತಾರೆ. ಆಮೇಲೆ ರಾಜಿ ಒಪ್ಪಂದ ಆಗಿ ಮುಗೀತು. ಯುರೋಪಲ್ಲಿ 2004ರಲ್ಲಿ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ದಿರೋ ವಿಂಡೋಸೂ ಮಾರ್ಬೇಕು ಅಂದ್ರು. ಅದನ್ನ ಅದೇ ರೇಟಿಗೆ ಮಾರಿದ್ರು, ಸಾಮಾನು ಕಮ್ಮಿ ದುಡ್ಡು ಅಷ್ಟೇ ಅಂದ್ರೆ ಯಾರ್ ತಗೋತಾರೆ, ಹೆಚ್ಚು ಕಮ್ಮಿ ಯಾರೂ ತಗೊಳ್ಲಿಲ್ಲ. ಬ್ರೌಸರ್ ಆರಿಸ್ಕೊಳ್ಳೋ ಪರದೆ ತೋರಿಸ್ತೀವಿ ಅಂತ 2009ರಲ್ಲಿ ಮಾತು ಕೊಟ್ಟು ಮಧ್ಯ ತಪ್ಪಿದ್ದಕ್ಕೆ 2013ರಲ್ಲಿ ಮತ್ತೆ 56.1 ಕೋಟಿ ಯೂರೋ. ಯುರೋಪಿನ ಆ 2004ರ ತೀರ್ಪಿಂದ ನಂಗೆ ನೇರವಾಗಿ ಸಿಕ್ಕಿರೋ ಲಾಭಾನೂ ಒಂದಿದೆ. ವಿಂಡೋಸ್ ಮೆಶೀನುಗಳು ಫೈಲ್ ಹಂಚ್ಕೊಳ್ಳೋ ರೀತಿಯ ದಾಖಲೆ 2007ರ ಕೊನೇಲಿ ಸಾಂಬಾ ಅನ್ನೋ ಫೈಲ್ ಹಂಚೋ ಬಿಟ್ಟಿ ಸಾಫ್ಟ್‌ವೇರ್ ಮಾಡೋರ ಕೈಗೆ ಬಂತು, ಬರೀ 10,000 ಯೂರೋ ಫೀಸಿಗೆ. ಇವತ್ತು ನನ್ನ ಮಿಂಟ್ ಮೆಶೀನಿಂದ ಮೂರನೇ ಮೆಶೀನಿನ ಫೋಲ್ಡರ್ ತೆಗೆಯೋದು ಆ ಸಾಂಬಾ ಮೂಲಕಾನೇ.

ಒಂದು ಲೆಕ್ಕ ಮಾತ್ರ ಹೇಳ್ಲೇಬೇಕು. ವಿಂಡೋಸ್ 98ರ ಅಪ್‌ಗ್ರೇಡನ್ನ 49 ಡಾಲರಿಗೆ ಮಾರ್ಬೋದಿತ್ತು, 89 ಇಟ್ರೆ ಜಾಸ್ತಿ ಬರುತ್ತೆ ಅಂತ ಮೈಕ್ರೋಸಾಫ್ಟಿನ 1997ರ ಸ್ಟಡೀಲೇ ಇತ್ತು, 89 ಇಟ್ರು. ಇದೂ ಜಡ್ಜ್ ಜಾಕ್ಸನ್ ಬರೆದಿದ್ರಲ್ಲೇ ಇದೆ. ನಾನು ಜೆರಾಕ್ಸಿಗೆ ಎರಡು ರೂಪಾಯಿ ಬದ್ಲು ನಾಲ್ಕು ಮಾಡಿದ್ರೆ ನನ್ನ ಗಿರಾಕಿ ಎದುರುಗಡೆ ಅಂಗಡಿಗೆ ಹೋಗ್ತಾನೆ. ನನ್ನ ಅಳತೇಲಿಡೋದು ಆ ಎದುರುಗಡೆ ಅಂಗಡೀನೇ, ಅದಿರೋದು ನನ್ನ ಗಿರಾಕಿಗೂ ಒಳ್ಳೇದು ನಂಗೂ ಒಳ್ಳೇದು.

ಮೈಕ್ರೋಸಾಫ್ಟ್ ಒಂದೇ ಅಲ್ಲ ಅಂತಾನೂ ಗೊತ್ತು. ನಮ್ಮ ದೇಶದ ಸ್ಪರ್ಧಾ ಆಯೋಗ 2022ರ ಅಕ್ಟೋಬರಲ್ಲಿ ಆಂಡ್ರಾಯ್ಡ್ ವಿಷ್ಯಕ್ಕೆ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕ್ತು. ಫೋನ್ ಕಂಪನಿಗಳು ಪ್ಲೇ ಸ್ಟೋರ್ ಬೇಕಂದ್ರೆ ಗೂಗಲ್ಲಿನ ಉಳಿದ ಆ್ಯಪುಗಳನ್ನೂ ಹಾಕ್ಲೇಬೇಕು ಅನ್ನೋ ಕರಾರು ಅದ್ರಲ್ಲಿ ಮುಖ್ಯ. ಕಾಂಪ್ಯಾಕ್ ಐಕಾನ್ ಕಥೆ ಓದಿದವ್ರಿಗೆ ಇದು ಹೊಸದಾಗಿ ಕಾಣಲ್ಲ.

ನ್ಯಾಯವಾಗಿ ಹೇಳ್ಬೇಕಂದ್ರೆ ವಿಂಡೋಸ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಹತ್ತೊಂಬತ್ತು ವರ್ಷ ಅದೇ ನನ್ನ ಅನ್ನ. ಗೇಮ್ ಆಡೋರಿಗೆ, ಟ್ಯಾಲಿ ಬೇಕಾದವ್ರಿಗೆ, ಫೋಟೋಶಾಪಲ್ಲೇ ಬದುಕೋ ಸ್ಟುಡಿಯೋದವ್ರಿಗೆ ಮಿಂಟ್ ಹಾಕ್ಕೊಳ್ಳಿ ಅಂತ ಹೇಳಲ್ಲ. ಬರೀ ಟೈಪಿಂಗು, ಇಂಟರ್‌ನೆಟ್ಟು, ಪ್ರಿಂಟು, ಮಕ್ಕಳ ಓದು ಅಂದ್ರೆ ಕಣ್ಮುಚ್ಚಿ ಹಾಕ್ಕೊಳ್ಳಿ. ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡ್ಮೆ ಮಾಡಿದ್ದು ಸ್ಕ್ಯಾನರ್, ಬೆರಳಚ್ಚು, ಟೋಕನ್ನಿಗೆ. ಆ ತಪ್ಪು ಮಿಂಟಿಂದಲ್ಲ, ಡ್ರೈವರ್ ಕೊಡ್ದಿರೋ ಕಂಪನಿಗಳದ್ದು, ಆದ್ರೂ ಕೌಂಟರ್ ಮುಂದೆ ಗಿರಾಕಿ ನಿಂತಿದ್ದಾಗ ನಂಗೆ ಕೆಲ್ಸ ಆಗ್ಬೇಕಷ್ಟೆ.

ಹಾಕ್ಕೊಳ್ಳೋರಿಗೆ ಎರಡು ಮಾತು. ಮೊದ್ಲು ಪೆನ್‌ಡ್ರೈವಿಂದ ಓಡ್ಸಿ ನಿಮ್ಮ ಪ್ರಿಂಟರ್, ಸ್ಕ್ಯಾನರ್ ನೋಡ್ಕೊಳ್ಳಿ, ಆಮೇಲೆ ಡಿಸ್ಕಿಗೆ ಕೈ ಹಾಕಿ. ಟೈಮ್‌ಶಿಫ್ಟ್ ಅಂತ ಒಂದು ಟೂಲ್ ಜೊತೇಲೇ ಬರುತ್ತೆ, ಮೊದ್ಲ ದಿನಾನೇ ಆನ್ ಮಾಡಿ, ಏನಾದ್ರೂ ಎಡವಟ್ಟಾದ್ರೆ ಸಿಸ್ಟಮನ್ನ ಹಿಂದಿನ ದಿನಕ್ಕೆ ವಾಪಸ್ ಕರ್ಕೊಂಡು ಹೋಗ್ಬೋದು. ಅದು ಫೈಲ್ ಬ್ಯಾಕಪ್ ಅಲ್ಲ, ಲಗ್ನಪತ್ರಿಕೆಗಳನ್ನ ಬೇರೆ ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ. ಕೆಜಿಪಿ ಲೇಔಟ್ ಹಾಕೋದ್ರಲ್ಲಿ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಕೆಳಗೆ ಕೇಳಿ, ಅಂಗಡಿ ಬಾಗ್ಲು ಹಾಕಿದ್ಮೇಲೆ ರಾತ್ರಿ ಒಂಬತ್ತರ ಮೇಲೆ ಉತ್ರ ಕೊಡ್ತೀನಿ.